ಮೂರನೇ ವರ್ಷದ ಐವತ್ತು ರೂಪಾಯಿ

ಶಿರಾ ಸೀಮೆಯಲ್ಲಿ ನಮ್ಮದು ಆರು ಎಕರೆ ಖುಷ್ಕಿ ಹೊಲ. ಕೆಂಪು ಮಣ್ಣು, ಮೂಡಣಕ್ಕೆ ಇಳಿಜಾರು, ಕೊಳವೆ ಬಾವಿ ಇಲ್ಲ. ಬೆಳೆಯುವುದು ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ ಮತ್ತು ತೊಗರಿ, ಮಳೆ ಮುಂಚಿತವಾಗಿ ಹಿಡಿದ ವರ್ಷ ಮೇಲಿನ ತಾಕಿನಲ್ಲಿ ಕಡಲೆಕಾಯಿ. ಈ ಹೊಲದ ಮಣ್ಣನ್ನೂ ನೀರನ್ನೂ ಉಳಿಸಿಕೊಳ್ಳುವ ಕೆಲಸಕ್ಕೆ ನಾನು ಸರ್ಕಾರದಿಂದ ಮೂರು ಬಾಬತ್ತಿನಲ್ಲಿ ನೆರವು ಪಡೆದಿದ್ದೇನೆ: ಕೃಷಿ ಭಾಗ್ಯದಲ್ಲಿ ಮಳೆ ನೀರು ಹಿಡಿಯುವ ಹೊಂಡ, ಉದ್ಯೋಗ ಖಾತ್ರಿಯಲ್ಲಿ ಬದು, ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಮರ. ಇವುಗಳಲ್ಲಿ ಯಾವುದೂ ಕಡ್ಡಾಯವಲ್ಲ. ರೈತ ತಾನಾಗಿ ಅರ್ಜಿ ಕೊಟ್ಟರೆ ಮಾತ್ರ ಉಂಟು.

ಊರಿಗೆ ಬಂದವರು, ಫೋನ್ ಮಾಡಿದವರು ಮೊದಲು ಕೇಳುವುದು "ಎಷ್ಟು ಸಹಾಯಧನ ಬಂತು?" ಎಂದು. ನನಗೆ ಹೇಳಬೇಕೆನಿಸುವುದು ಬೇರೆಯೇ ಸಂಗತಿ. ಮೊದಲ ಎರಡು ಯೋಜನೆಗಳು ಮಾಡಿದ್ದಕ್ಕೆ ಹಣ ಕೊಟ್ಟವು. ಮೂರನೆಯದು ಉಳಿಸಿಕೊಂಡದ್ದಕ್ಕೆ ಕೊಟ್ಟಿತು. ಮೊತ್ತದಲ್ಲಿ ಮೂರನೆಯದೇ ಚಿಕ್ಕದು. ಆದರೂ ನನ್ನ ಬೇಸಾಯದ ರೀತಿಯನ್ನು ಹೆಚ್ಚು ಬದಲಿಸಿದ್ದು ಅದೇ.

ಕಾಗದಪತ್ರದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಎಷ್ಟೋ ಜನ ಅಲ್ಲಿಯೇ ಸೋತು ಹಿಂದಿರುಗುತ್ತಾರೆ. ಪಹಣಿ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ, ಮಾಡಿಸುವವರೆಗೆ ಬೇರೆ ಯಾವ ಕಚೇರಿಗೂ ಹೋಗಬೇಡಿ. ಜಂಟಿ ಖಾತೆಯಾಗಿದ್ದರೆ ಉಳಿದವರ ಒಪ್ಪಿಗೆ ಪತ್ರ ಬರೆಸಿಟ್ಟುಕೊಳ್ಳಿ. ಅಣ್ಣತಮ್ಮಂದಿರು ಚೆನ್ನಾಗಿರುವಾಗಲೇ ಈ ಕೆಲಸ ಆಗಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ (ರೈತರ, ಅವರ ಜಮೀನಿನ ವಿವರ ದಾಖಲಿಸುವ ಸರ್ಕಾರಿ ತಂತ್ರಾಂಶ) ನೋಂದಣಿ ಮಾಡಿಸಿ, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂದು ನೋಡಿ. ಆಧಾರ್, ಪಹಣಿ, ಬ್ಯಾಂಕ್ ಪಾಸ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಹೆಸರಿನ ಹಿಂದಿನ ಒಂದು ಅಕ್ಷರ ವ್ಯತ್ಯಾಸವಾದರೂ ಹಣ ಖಾತೆಗೆ ಬರದೆ ನಿಂತುಹೋಗುತ್ತದೆ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಜಾಬ್ ಕಾರ್ಡ್ ಬೇಕು, ಕೆಲಸ ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಿರಬೇಕು. ಹಾಗೆ ಸೇರಬೇಕೆಂದರೆ ಗ್ರಾಮ ಸಭೆಯಲ್ಲಿ ಎದ್ದು ನಿಂತು ಹೇಳಬೇಕು. ಬೇಸಿಗೆಯಲ್ಲಿ ಬದು ಹಾಕಿಸುವ ಆಸೆಯಿದ್ದರೆ ಹಿಂದಿನ ಚಳಿಗಾಲದಲ್ಲೇ ಅರ್ಜಿ ಹೋಗಿರಬೇಕು.

ಹೊಂಡ ತೆಗೆಸಿದ್ದು 2016ರಲ್ಲಿ. ಮಳೆಯಾಶ್ರಿತ ಪ್ರದೇಶಗಳಿಗಾಗಿ ರಾಜ್ಯ ಸರ್ಕಾರ 2014–15ರಲ್ಲಿ ಆರಂಭಿಸಿದ ಕೃಷಿ ಭಾಗ್ಯದಲ್ಲಿ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರ ಸಹಾಯಧನವಿತ್ತು. ಹೊಂಡ, ಅದರೊಳಗಿನ ಪಾಲಿಥೀನ್ ಹೊದಿಕೆ, ನೀರೆತ್ತುವ ಪಂಪು, ತುಂತುರು ಅಥವಾ ಹನಿ ನೀರಾವರಿ, ಹೀಗೆ ಒಂದರ ಜೊತೆ ಒಂದು ಸೇರಿದ್ದವು. ನಮ್ಮದು ಉದ್ದ ಅಗಲ 12 ಮೀಟರು, ಆಳ 3 ಮೀಟರಿನ ಹೊಂಡ. ಪಕ್ಕಗಳು ಇಳಿಜಾರಾಗಿರುವುದರಿಂದ ತಳ 6 ಮೀಟರಿಗೆ ಬಂದು ನಿಲ್ಲುತ್ತದೆ. ಲೆಕ್ಕ ಹಾಕಿದರೆ ತುಂಬಿದಾಗ ಎರಡೂವರೆ ಲಕ್ಷ ಲೀಟರು ನೀರು.

ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದು ಎಕರೆಗೆ ಮೂರು ಸೆಂಟಿಮೀಟರಿನಷ್ಟು ನೀರು ಹಾಯಿಸಿದರೆ 1.2 ಲಕ್ಷ ಲೀಟರು ಖರ್ಚಾಗುತ್ತದೆ. ಅಂದರೆ ತುಂಬಿದ ಹೊಂಡದಿಂದ ಒಂದು ಎಕರೆಗೆ ಎರಡು ಸಲ, ಇಲ್ಲವೇ ಎರಡು ಎಕರೆಗೆ ಒಂದೇ ಸಲ. ಆರು ಎಕರೆಯನ್ನೂ ನೆನೆಸುವ ಮಾತು ಬಿಡಿ. ಇನ್ನೊಂದು ಸಂಗತಿಯನ್ನು ಹೊಂಡ ಇಟ್ಟುಕೊಂಡವರೆಲ್ಲ ತಿಳಿದಿರಬೇಕು. ನೀರು ಅರ್ಧ ಆಳಕ್ಕೆ ಇಳಿದಾಗ ಉಳಿದಿರುವುದು ಅರ್ಧ ನೀರಲ್ಲ. ತಳ ಕಿರಿದಾದ್ದರಿಂದ ಒಂದೂವರೆ ಮೀಟರಿಗೆ ಇಳಿದಾಗ ಉಳಿಯುವುದು ಸುಮಾರು 85 ಸಾವಿರ ಲೀಟರು, ಮೂರರಲ್ಲಿ ಒಂದು ಪಾಲು. ನಾನು ಹೊಂಡದ ಒಳಬದಿಗೆ ಮೀಟರು ಗುರುತು ಮಾಡಿದ ಕೋಲೊಂದನ್ನು ನಿಲ್ಲಿಸಿದ್ದೇನೆ. ಮನೆಯವರೆಲ್ಲರಿಗೂ ಅದನ್ನು ಓದಲು ಬರುತ್ತದೆ. ಸುತ್ತ ತಂತಿಬೇಲಿ ಇಲ್ಲದೆ ಹೊಂಡವನ್ನು ಒಂದು ದಿನವೂ ಬಿಡಬೇಡಿ. ಪಾಲಿಥೀನ್ ಮೇಲೆ ಜಾರಿದ ಮಗುವಿಗೆ, ಕರುವಿಗೆ ಮೇಲೆ ಹತ್ತಲು ಹಿಡಿತವೇ ಸಿಗುವುದಿಲ್ಲ. ಒಳಕ್ಕೆ ಗಂಟು ಹಾಕಿದ ಹಗ್ಗವೊಂದನ್ನು ಕೂಡ ಇಳಿಬಿಟ್ಟಿರಿ.

ಹೊಂಡ ಬಂದ ಮೇಲೆ ಕಂಡದ್ದು ಹೂಳು. ಭರಣಿ, ಕೃತ್ತಿಕೆಯ ಬಿರುಮಳೆಗೆ ಹರಗಿ ಬಿಟ್ಟ ಹೊಲದ ಮೇಲ್ಮಣ್ಣೆಲ್ಲ ಕೊಚ್ಚಿಕೊಂಡು ಹೊಂಡಕ್ಕೆ ಇಳಿಯುತ್ತಿತ್ತು. ನೀರು ಒಳಬರುವ ಬಾಯಿಯ ಮುಂದೆ ಹೂಳು ತಡೆಯಲು ಚಿಕ್ಕ ಗುಂಡಿ ಇದ್ದರೂ ಒಂದು ಜೋರು ಮಳೆಗೆ ಅದು ತುಂಬಿ ಹೋಗುತ್ತಿತ್ತು. ಮಣ್ಣು ನಿಲ್ಲಬೇಕಾದ್ದು ಮೇಲೆ, ಹೊಲದಲ್ಲಿಯೇ. ಅದಕ್ಕೆ ಬದು ಬೇಕು. ಹಿಂದೊಮ್ಮೆ ನಮ್ಮ ಕಡೆ ಸಾಲು ಸಾಲಾಗಿ ಬದು ಹಾಕಿದ್ದರು; ಎರಡೂ ಪಕ್ಕದಿಂದ ಉಳುತ್ತ ಉಳುತ್ತ ಅವು ನೆಲಸಮವಾಗಿದ್ದವು. ಯೋಜನೆ ಮುಗಿದ ಮೇಲೆ ಅವನ್ನು ನೋಡಿಕೊಳ್ಳುವುದು ಯಾರ ಕೆಲಸ ಎಂದು ಯಾರೂ ಹೇಳಿರಲಿಲ್ಲ.

2020ರ ಬೇಸಿಗೆಯಲ್ಲಿ ಲಾಕ್‌ಡೌನಿನಿಂದಾಗಿ ಬೆಂಗಳೂರಿಗೆ ಹೋಗಿದ್ದ ಹುಡುಗರೆಲ್ಲ ಊರು ಸೇರಿದ್ದರು. ಉದ್ಯೋಗ ಖಾತ್ರಿಯಲ್ಲಿ ಆಗ ದಿನದ ಕೂಲಿ 275 ರೂಪಾಯಿ, ರೈತರ ಹೊಲಗಳಲ್ಲಿ ಬದು ಹಾಕುವ ಕೆಲಸಕ್ಕೆ ಎಲ್ಲೆಡೆ ಒತ್ತು. ನಮ್ಮ ಹೊಲದ ಕೆಲಸವೂ ಆಗ ಆಯಿತು. ಇಲ್ಲಿ ಜೆಸಿಬಿ ತರುವಂತಿಲ್ಲ, ಗುತ್ತಿಗೆದಾರರಿಗೆ ಅವಕಾಶವಿಲ್ಲ, ಕೂಲಿ ನೇರವಾಗಿ ಕೆಲಸಗಾರರ ಖಾತೆಗೆ. ಜಾಬ್ ಕಾರ್ಡಿನಲ್ಲಿ ಹೆಸರಿದ್ದ ನಾನು, ನನ್ನ ಹೆಂಡತಿ, ತಮ್ಮ ಮೂವರೂ ಉಳಿದವರ ಜೊತೆ ಗುದ್ದಲಿ ಹಿಡಿದೆವು, ನಮ್ಮ ಹೊಲದ ಕೆಲಸಕ್ಕೆ ನಮಗೂ ಕೂಲಿ ಬಂತು. ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಫೋಟೋ ತೆಗೆದು ಸ್ಥಳದ ಗುರುತು ಸೇರಿಸುತ್ತಾರೆ. ಮೊದಲನೆಯದು ಆಗದೆ ಮಣ್ಣು ಮುಟ್ಟಬಾರದು.

ಬದುವಿನ ಜೀವ ಇರುವುದು ಮಟ್ಟದಲ್ಲಿ. ಕಣ್ಣಳತೆಯಲ್ಲಿ ಹಾಕಿದರೆ ನೀರು ತಗ್ಗಿರುವ ಕಡೆ ಸೇರಿ ಅಲ್ಲೇ ಒಡೆಯುತ್ತದೆ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ತಂದು, ಎರಡು ಕೋಲಿಗೆ ಕಟ್ಟಿ, ಮಟ್ಟ ಹಿಡಿದು ಸುಣ್ಣದಲ್ಲಿ ಗೆರೆ ಎಳೆದೆವು. ಗೆರೆ ನೇರವಾಗಿ ಬರಲಿಲ್ಲ, ಹೊಲದ ಮೈಯಂತೆ ಬಾಗಿತು. ಟ್ರ್ಯಾಕ್ಟರಿನವರಿಗೆ ಇದು ಇಷ್ಟವಾಗುವುದಿಲ್ಲ. ಬಾಗಿದ ಸಾಲಿನಲ್ಲೇ ಉಳಬೇಕು ಎಂದು ಪಟ್ಟು ಹಿಡಿಯಬೇಕು. ಬದುವಿಗೆ ಬೇಕಾದ ಮಣ್ಣನ್ನು ಮೇಲ್ಬದಿಯಲ್ಲಿ ಒಂದಡಿ ಆಳದ ಗುಂಡಿ ತೋಡಿ ತೆಗೆದೆವು, ಎರಡು ಗುಂಡಿಗಳ ನಡುವೆ ಅಡ್ಡಗಟ್ಟೆ ಉಳಿಸಿದೆವು. ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಆಳದ ಒಂದು ಗುಂಡಿಯಲ್ಲಿ 2,800 ಲೀಟರು ನೀರು ನಿಲ್ಲುತ್ತದೆ. ಹೆಚ್ಚಾದ ನೀರು ಹೊರಹೋಗಲು ಪ್ರತಿ ಬದುವಿಗೂ ಕಲ್ಲು ಜೋಡಿಸಿದ ಕೋಡಿ. ಒಂದು ಕೋಡಿ ಉತ್ತರಕ್ಕಿದ್ದರೆ ಕೆಳಗಿನ ಬದುವಿನ ಕೋಡಿ ದಕ್ಷಿಣಕ್ಕೆ. ಹೀಗೆ ಮಾಡಿದರೆ ನೀರು ಹೊಲವನ್ನೆಲ್ಲ ಸುತ್ತಿಕೊಂಡು, ಮಣ್ಣು ಬಿಟ್ಟು, ತಿಳಿಯಾಗಿ ಹೊಂಡ ಸೇರುತ್ತದೆ.

ಬಡಗಣದ ಎಲ್ಲೆಯಲ್ಲಿ ನಮ್ಮ ದಾಯಾದಿಯೊಬ್ಬರ ಹೊಲ. ವರಸೆಯಲ್ಲಿ ದೊಡ್ಡಪ್ಪನಾಗಬೇಕು. ಎಲ್ಲೆಯ ಬದುವಿಗೆ ಎರಡೂ ಕಡೆಯಿಂದ ಸಮ ಜಾಗ ಬಿಡಬೇಕಲ್ಲ, ಅವರನ್ನು ಕೇಳದೆ ಆಗುವಂತಿರಲಿಲ್ಲ.

"ಮೂರಡಿ ನೆಲ ಹೋದರೆ ಒಂದು ಸಾಲು ರಾಗಿ ಹೋಯಿತಲ್ಲಪ್ಪ," ಎಂದರು.

"ಒಂದು ಸಾಲಲ್ಲ ದೊಡ್ಡಪ್ಪ, ನಾಲ್ಕು ಸಾಲೇ ಹೋಗುತ್ತದೆ. ಈ ಮಳೆಗಾಲ ನೋಡಿ. ನಿಮ್ಮ ಮಣ್ಣು ನಿಮ್ಮಲ್ಲಿ ನಿಲ್ಲದಿದ್ದರೆ ಬದು ನಾನೇ ಕಿತ್ತು ಹಾಕುತ್ತೇನೆ."

"ನೀನು ಕೀಳುವುದು ಬೇಡ. ನಾಳೆ ನಾನೂ ಬರುತ್ತೇನೆ, ಹಗ್ಗ ಎಲ್ಲಿ ಹಾಕುತ್ತೀಯೋ ನೋಡೋಣ," ಎಂದರು. ಬಂದರು ಕೂಡ. ಸರ್ಕಾರದ ಯಾವ ಅರ್ಜಿ ನಮೂನೆಯಲ್ಲಿಯೂ ಈ ಒಪ್ಪಿಗೆಗೆ ಜಾಗವಿಲ್ಲ. ಎಲ್ಲೆಯ ಬದು ಬಾಳುವುದು ಮಾತ್ರ ಇದರ ಮೇಲೆಯೇ.

2022ರಲ್ಲಿ ಮಳೆ ಬಿಡದೆ ಹೊಡೆಯಿತು. ಆಗಸ್ಟಿನಿಂದ ಹಸ್ತಾ, ಚಿತ್ತಾ ಮಳೆಯವರೆಗೂ ಹೊಲಕ್ಕೆ ಇಳಿಯಲು ಬಿಡುವೇ ಸಿಗಲಿಲ್ಲ. ಎರಡು ಕಡೆ ಬದು ಬಿರುಕು ಬಿಟ್ಟು ಕುಸಿಯಿತು. ಹೊಸ ಬದುವಿಗೆ ಹಣವಿದೆ. ಕುಸಿದ ಬದುವನ್ನು ಎತ್ತಿ ಕಟ್ಟುವುದು ಪೂರ್ತಿ ರೈತನದೇ ಪಾಲು. ನೀರು ಇಂಗುವ ಮುಂಚೆಯೇ ಮೂಟೆಗೆ ಮಣ್ಣು ತುಂಬಿ ಅಡ್ಡ ಒಡ್ಡಿದೆವು, ಆಮೇಲೆ ಮಣ್ಣು ಹಾಕಿ ತುಳಿದು, ಲಾವಂಚದ ಬುಡ ನೆಟ್ಟೆವು. ಲಾವಂಚದ ಬೇರು ಮಣ್ಣನ್ನು ಹಿಡಿಯುವಷ್ಟು ಗಟ್ಟಿಯಾಗಿ ಕಲ್ಲು ಕೂಡ ಹಿಡಿಯಲಾರದು ಎಂಬುದು ನನ್ನ ಅನುಭವ. ಮಿಕ್ಕ ಬದುಗಳ ಮೇಲೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಕಡ್ಡಿ ಚುಚ್ಚಿದ್ದೇವೆ. ವರ್ಷಕ್ಕೆ ಎರಡು ಸಲ ಕಡಿದು ಸೊಪ್ಪನ್ನು ಹೊಲಕ್ಕೆ ಹರಡುತ್ತೇವೆ. ಇಷ್ಟು ಮಾಡಿದ್ದರಿಂದ ಆ ವರ್ಷ ಹೊಂಡಕ್ಕೆ ಬಂದ ನೀರು ಮೊದಲ ಸಲ ಕೆಂಪಾಗಿರಲಿಲ್ಲ.

ಇನ್ನು ಮರದ ವಿಷಯ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ರಾಜ್ಯದಲ್ಲಿ ನಡೆಯುತ್ತಿರುವುದು 2011–12ರಿಂದ. ವಲಯ ಅರಣ್ಯ ಕಚೇರಿಯಲ್ಲಿ ಹತ್ತು ರೂಪಾಯಿ ಕಟ್ಟಿ ನೋಂದಾಯಿಸಿಕೊಳ್ಳಬೇಕು, ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ತಂದು ನೆಡಬೇಕು. ಬದುಕಿ ಉಳಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ, ಒಟ್ಟು 125. ಹೆಕ್ಟೇರಿಗೆ ಹೆಚ್ಚೆಂದರೆ 400 ಸಸಿ. ನೀಲಗಿರಿ, ಸಿಲ್ವರ್ ಓಕ್, ತೆಂಗು, ಅಡಿಕೆಯಂಥವಕ್ಕೆ ಈ ಹಣವಿಲ್ಲ.

ಈ ಲೆಕ್ಕದ ಚೆಲುವು ನನಗೆ ಬಹಳ ಹಿಡಿಸಿತು. ಸಸಿ ನೆಟ್ಟ ದಿನ ಒಂದು ಪೈಸೆಯೂ ಇಲ್ಲ. ವರ್ಷ ಕಳೆದಂತೆ ಹಣ ಏರುತ್ತದೆ. ವನಮಹೋತ್ಸವದ ದಿನ ನೆಟ್ಟು ಮರುವಾರ ಮೇಕೆಗೆ ಬಿಟ್ಟ ಸಸಿಗೆ ಇಲ್ಲಿ ಬೆಲೆಯಿಲ್ಲ. ಮೂರು ಬೇಸಿಗೆ ದಾಟಿದ ಸಸಿಗೆ ಅತಿ ಹೆಚ್ಚು ಬೆಲೆ. ಒಣಭೂಮಿಯಲ್ಲಿ ಗಿಡ ಬೆಳೆಸಿದ ಯಾರಿಗೇ ಆಗಲಿ ಇದು ನ್ಯಾಯವೆಂದು ತೋರುತ್ತದೆ.

2021ರ ಮೇನಲ್ಲಿ ಬದುವಿನ ಪಕ್ಕದಲ್ಲಿ ಒಂದೂವರೆ ಅಡಿಯ ಗುಂಡಿ ತೋಡಿ ಬಿಸಿಲಿಗೆ ಬಿಟ್ಟೆವು. ಆರಿದ್ರಾ ಮಳೆ ಹಿಡಿದ ಮೇಲೆ ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಬೇವಿನ ಹಿಂಡಿ ಹಾಕಿ ಮುನ್ನೂರು ಸಸಿ ನೆಟ್ಟೆವು. ಹೆಬ್ಬೇವು, ಬೇವು, ಹೊಂಗೆ ಹೆಚ್ಚು. ಹುಣಸೆ, ನೇರಳೆ, ಹಲಸು ಕೆಲವು. ಯಾವುದನ್ನು ಎಲ್ಲಿ ನೆಡಬೇಕು ಎನ್ನುವುದಕ್ಕೆ ನನ್ನ ಉತ್ತರ ಬಿಸಿಲಿನಲ್ಲಿದೆ. ರಾಗಿ ಕಾಳು ಕಟ್ಟುವ ಅಕ್ಟೋಬರ್, ನವೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ತೆಂಕಣದ ಎಲ್ಲೆಯಲ್ಲಿ ಎತ್ತರದ ಮರವಿದ್ದರೆ ನೆರಳು ದಿನವಿಡೀ ನಮ್ಮ ರಾಗಿಯ ಮೇಲೆ. ಅದಕ್ಕೇ ಅಲ್ಲಿ ಸೀತಾಫಲ, ಗೊಬ್ಬರದ ಗಿಡ ಮಾತ್ರ. ಇಳಿಜಾರು ಮೂಡಣಕ್ಕಿರುವುದರಿಂದ ನಡುವಿನ ಬದುಗಳು ತೆಂಕಣ ಬಡಗಣವಾಗಿ ಸಾಗುತ್ತವೆ. ಅವುಗಳ ಮೇಲಿನ ಮರದ ನೆರಳು ಬೆಳಿಗ್ಗೆ ಪಡುವಣಕ್ಕೆ, ಸಂಜೆ ಮೂಡಣಕ್ಕೆ ಸರಿದು ಹಂಚಿಹೋಗುತ್ತದೆ, ಹೆಬ್ಬೇವಿಗೆ ಅದೇ ಜಾಗ. ಬಡಗಣದ ಎಲ್ಲೆಯ ಮರ ಪಕ್ಕದವರ ಹೊಲಕ್ಕೆ ನೆರಳು ಕೊಡುತ್ತದೆ. ಅಲ್ಲಿ ದೊಡ್ಡಪ್ಪನವರನ್ನು ಕೇಳಿ ಅವರಿಷ್ಟದ ಹುಣಸೆಯನ್ನು ಮಾತ್ರ ದೂರ ದೂರ ನೆಟ್ಟೆವು, ಹಣ್ಣು ಇಬ್ಬರಿಗೂ ಎಂಬ ಮಾತಿನ ಮೇಲೆ. ದಾರಿಯ ಕಡೆಗೆಲ್ಲ ಹೊಂಗೆ. ಮೇಕೆ ಅದಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಹಲಸು, ಹುಣಸೆಯ ಸಸಿಗಳಿಗೆ ಜಾಲಿ ಮುಳ್ಳಿನ ಕಟ್ಟು ಬೇಕೇ ಬೇಕು.

ಎಣಿಕೆಗೆ ಸಿಬ್ಬಂದಿ ಬರುವ ಮುಂಚೆ ಪ್ರತಿ ಗಿಡದ ಪಕ್ಕದ ಗೂಟಕ್ಕೆ ಬಣ್ಣದಲ್ಲಿ ಸಂಖ್ಯೆ ಬರೆದಿಟ್ಟೆ, ಜಾತಿಯೊಂದಿಗೆ ಒಂದು ನೋಟ್ ಪುಸ್ತಕದಲ್ಲಿ ಪಟ್ಟಿ ಮಾಡಿದೆ. ಎಣಿಸಲು ಬಂದವರಿಗೂ ಅನುಕೂಲ, ಮುಂದಿನ ವರ್ಷ ಯಾವುದು ಸತ್ತಿತು, ಯಾಕೆ ಸತ್ತಿತು ಎಂದು ತಿಳಿಯಲು ನನಗೂ ಅನುಕೂಲ. ಮೊದಲ ವರ್ಷ ಉಳಿದದ್ದು 240.

ನಿಜವಾದ ಪರೀಕ್ಷೆ 2023. ಆ ವರ್ಷದ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಕ್ಟೋಬರಿನಲ್ಲಿ ನಮ್ಮ ಹೊಂಡದ ಕೋಲು ಎರಡು ಮೀಟರು ತೋರಿಸುತ್ತಿತ್ತು. ಅಂದರೆ 1.3 ಲಕ್ಷ ಲೀಟರು. ಒಂದು ಕಡೆ ಹೊಡೆ ಬಿಚ್ಚದೆ, ತೆನೆ ಹೊರಬಾರದೆ ನಿಂತ ರಾಗಿ, ಇನ್ನೊಂದು ಕಡೆ ಬೇಸಿಗೆ ದಾಟಬೇಕಾದ 230 ಗಿಡ. ಮನೆಯಲ್ಲಿ ಎಲ್ಲರೂ ಕೂತು ಲೆಕ್ಕ ಹಾಕಿದೆವು. ಒಂದು ಎಕರೆ ರಾಗಿಗೆ ಒಂದು ಸಲ ಹಾಯಿಸಿದರೆ ಹೊಂಡವೇ ಖಾಲಿ. ಒಂದು ಗಿಡಕ್ಕೆ ವಾರಕ್ಕೆ ಹತ್ತು ಲೀಟರು ಎಂದರೆ ಎಲ್ಲಕ್ಕೂ ಸೇರಿ 2,300 ಲೀಟರು. ಅರ್ಧ ಎಕರೆ ರಾಗಿಗೆ, ಮನೆಯ ಊಟಕ್ಕೂ ಮುಂದಿನ ಬಿತ್ತನೆ ಬೀಜಕ್ಕೂ ಆಗಲೆಂದು, 60 ಸಾವಿರ ಲೀಟರು ಕೊಟ್ಟು ಉಳಿದ 70 ಸಾವಿರವನ್ನು ಮರಗಳಿಗೆ ಇಟ್ಟೆವು. ಮಿಕ್ಕ ರಾಗಿಯಲ್ಲಿ ಹುಲ್ಲು ಮಾತ್ರ ಸಿಕ್ಕಿತು. ಆ ತೀರ್ಮಾನ ಸುಲಭವಾಗಿರಲಿಲ್ಲ, ನನ್ನ ಹೆಂಡತಿ ಎರಡು ದಿನ ಆ ಕಡೆ ಹೊಲಕ್ಕೇ ಹೋಗಲಿಲ್ಲ.

ಹೊಂಡದಲ್ಲಿಟ್ಟ ನೀರು ಇಟ್ಟಲ್ಲೇ ಇರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಷ್ಟು ನೀರಿನ ಮೇಲ್ಮೈಯಿಂದ ದಿನಕ್ಕೆ ಐದು ಮಿಲಿಮೀಟರು ಆವಿಯಾದರೂ ವಾರಕ್ಕೆ ಎರಡೂವರೆ ಸಾವಿರ ಲೀಟರು ಹೋಗುತ್ತದೆ, ಗಿಡಗಳಿಗೆ ಹಾಕುವುದಕ್ಕಿಂತ ತುಸು ಹೆಚ್ಚೇ. ಆದ್ದರಿಂದ ಬೇಸಿಗೆಗೆಂದು ಕಾಯದೆ ನವೆಂಬರಿನಿಂದಲೇ ಬುಡಕ್ಕೆ ನೀರು ಕೊಟ್ಟು, ಮೇಲೆ ರಾಗಿ ಹೊಟ್ಟು, ತೊಗರಿ ಕಡ್ಡಿ, ಗೊಬ್ಬರದ ಗಿಡದ ಸೊಪ್ಪನ್ನು ಗೇಣು ದಪ್ಪ ಹೊದಿಸಿದೆವು. ಫೆಬ್ರವರಿ ಕೊನೆಗೆ ಹೊಂಡ ಬತ್ತಿತು. ಅಲ್ಲಿಂದ ಮುಂದೆ ಪಕ್ಕದವರ ಕೊಳವೆ ಬಾವಿಯಿಂದ ಡ್ರಮ್ಮುಗಳಲ್ಲಿ ತಂದು ಹದಿನೈದು ದಿನಕ್ಕೊಮ್ಮೆ ಹಾಕಿದೆವು. ಮೂರನೇ ವರ್ಷದ ಎಣಿಕೆಗೆ 214 ಮರ ನಿಂತಿದ್ದವು.

ಹಣದ ಲೆಕ್ಕ: 240 ಗಿಡಕ್ಕೆ 8,400, 230ಕ್ಕೆ 9,200, 214ಕ್ಕೆ 10,700. ಒಟ್ಟು 28,300 ರೂಪಾಯಿ. ಇದು ಅನುದಾನ ಬಿಡುಗಡೆಯಾದಾಗ ಬರುವ ಹಣ, ನಂಬಿ ಕೈಸಾಲ ಮಾಡುವಂಥದ್ದಲ್ಲ. ನಮ್ಮ ಕೂಲಿ, ಡ್ರಮ್ಮಿನ ಗಾಡಿ ಬಾಡಿಗೆ, ಮುಳ್ಳು ಕಟ್ಟಿಸಿದ್ದು ಎಲ್ಲ ಸೇರಿಸಿದರೆ ಇದಕ್ಕಿಂತ ಹೆಚ್ಚೇ ಖರ್ಚಾಗಿದೆ. ಆದರೆ ಆ ಬರದ ವರ್ಷ ಗಿಡಗಳನ್ನು ಬಿಟ್ಟುಬಿಡೋಣ ಎಂದು ಮನೆಯಲ್ಲಿ ಮಾತು ಬಂದಾಗ, ಒಂದೊಂದಕ್ಕೂ ಮುಂದಿನ ವರ್ಷ ಐವತ್ತು ರೂಪಾಯಿ ಇದೆ ಎಂಬ ಮಾತೇ ತಕ್ಕಡಿಯನ್ನು ಈ ಕಡೆಗೆ ವಾಲಿಸಿತು. ನೆರವು ಎಂದರೆ ನನಗೆ ಇದು. ಪೂರ್ತಿ ಖರ್ಚು ಕೊಡಬೇಕಾಗಿಲ್ಲ. ಕೈಬಿಡುವ ಹೊತ್ತಿನಲ್ಲಿ ಕೈ ಹಿಡಿಯುವಷ್ಟಿದ್ದರೆ ಸಾಕು.

ಮರ ನೆಡುವವರಿಗೆ ಇನ್ನೊಂದು ಮಾತು. ಪಹಣಿಯಲ್ಲಿ ಮರಗಳಿಗೊಂದು ಕಾಲಂ ಇದೆ, ಗಿಡ ಬೇರೂರಿದ ಮೇಲೆ ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟು ಅದರಲ್ಲಿ ನಮೂದಾಗುವಂತೆ ನೋಡಿಕೊಳ್ಳಿ. 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು ಉಳಿದವನ್ನು ಕಡಿಯಲು ಅನುಮತಿ ಬೇಕು, ಆಗ ಈ ದಾಖಲೆ ಕೆಲಸಕ್ಕೆ ಬರುತ್ತದೆ. ಶ್ರೀಗಂಧ ನೆಡಬೇಕೆಂದು ಕೇಳುವವರೂ ಇದ್ದಾರೆ. 2001ರ ತಿದ್ದುಪಡಿಯ ನಂತರ ಹೊಲದಲ್ಲಿ ಬೆಳೆದ ಶ್ರೀಗಂಧ ಹೊಲದ ಒಡೆಯನದೇ. ಆದರೆ ಕಾವಲಿಗೆ ಮನೆ ಹತ್ತಿರವಿಲ್ಲದ ಹೊಲದಲ್ಲಿ ನಾನು ಅದರ ಗೋಜಿಗೆ ಹೋಗಲಿಲ್ಲ.

ಮೂರನೇ ವರ್ಷ ದಾಟಿದ ಮರಕ್ಕೆ ಬೆಲೆ ಕಟ್ಟುವ ಸರ್ಕಾರ ಮೂರನೇ ವರ್ಷ ದಾಟಿದ ಬದುವಿಗೂ ಏಕೆ ಕಟ್ಟಬಾರದು? ಬದು ಹಾಕಿಸಿದವರ ಹೊಲಕ್ಕೆ ಮೂರು ಮಳೆಗಾಲ ಕಳೆದ ಮೇಲೆ ಬಂದು ನೋಡಲಿ. ಕೋಡಿ ಗಟ್ಟಿಯಾಗಿದೆಯೇ, ಮೇಲೆ ಹುಲ್ಲು ಇದೆಯೇ, ಹೊಂಡದ ಹೂಳು ತೆಗೆದಿದ್ದಾರೆಯೇ ಎಂದು ಅಳೆದು, ಉಳಿಸಿಕೊಂಡವರಿಗೆ ಮೀಟರಿಗೆ ಇಷ್ಟು ಎಂದು ಕೊಡಲಿ. ಫೋಟೋ ತೆಗೆಯುವ, ಸ್ಥಳ ಗುರುತಿಸುವ ವ್ಯವಸ್ಥೆ ಈಗಾಗಲೇ ಇದೆ, ಮರ ಎಣಿಸಿ ಹಣ ಹಾಕುವ ಪದ್ಧತಿಯೂ ಇದೆ. ಇದನ್ನೇ ಬರೆದು ನಮ್ಮ ಗ್ರಾಮ ಸಭೆಯಲ್ಲಿ ಅರ್ಜಿ ಕೊಟ್ಟಿದ್ದೇನೆ. ದೊಡ್ಡಪ್ಪನವರೂ ಸಹಿ ಹಾಕಿದ್ದಾರೆ, ಸುತ್ತಲಿನ ಹೊಲದವರು ಇನ್ನೂ ಕೆಲವರು ಹಾಕಿದ್ದಾರೆ. ಪ್ರತಿಯನ್ನು ತಾಲ್ಲೂಕು ಪಂಚಾಯಿತಿಗೂ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೂ ಕಳುಹಿಸಿದ್ದೇವೆ. ನಿಮ್ಮ ಊರಿನ ಗ್ರಾಮ ಸಭೆಯಲ್ಲೂ ಇದನ್ನು ಕೇಳುವುದಾದರೆ ನಮ್ಮ ಅರ್ಜಿಯ ನಕಲನ್ನು ಸಂತೋಷದಿಂದ ಕೊಡುತ್ತೇನೆ.